ಕಾಕಾನ ಮೂರು ಖಾತೆಗಳು

ನಮ್ಮ ಬಳಗದ ಕಾರ್ಯದರ್ಶಿ ಈ ಸಂಚಿಕೆಗೆ ಏನಾದರೂ ಬರೆಯಲೇಬೇಕೆಂದು ಬೆನ್ನು ಹತ್ತಿದಾಗ ನಾನು ಹೇಳಿದ್ದು ಒಂದೇ ಮಾತು: "ನಾ ಕಾಮರ್ಸಿನವ. ನನಗ ಕವಿತಾ ಬರಂಗಿಲ್ಲ." ಅದಕ್ಕೆ ಅವನು "ಹಂಗಾದ್ರ ಲೆಕ್ಕನ ಬರಿ" ಅಂದ. ಚೇಷ್ಟೆಗೆ ಅಂದ ಮಾತು. ಆದರೆ ರಾತ್ರಿ ಕುಳಿತು ಯೋಚಿಸಿದಾಗ ನನ್ನ ಹತ್ತಿರ ಬರೆಯಲು ಇರುವುದು ನಿಜವಾಗಿಯೂ ಒಂದು ಲೆಕ್ಕವೇ ಅನ್ನಿಸಿತು. ನಲವತ್ತೈದು ವರ್ಷ ತಪ್ಪು ಖಾತೆಯಲ್ಲಿ ಬರೆದುಕೊಂಡು ಬಂದ ಲೆಕ್ಕ. ಅದು ನನ್ನ ಕಾಕಾನದು.

ಬರೆಯುವ ಮುಂಚೆ ಕಾಕಾನನ್ನು ಕೇಳಿದೆ. "ನನ್ನ ಹೆಸರು ಹಾಕಬ್ಯಾಡ, ಅಂಗಡಿ ಹೆಸರು ಹಾಕಬ್ಯಾಡ. ಉಳಿದದ್ದು ಇದ್ದಂಗ ಬರಿ. ಸುಳ್ಳು ಬರದ್ರ ತಾಳೆ ಆಗಂಗಿಲ್ಲ" ಅಂದ. ಆದ್ದರಿಂದ ಇದ್ದ ಹಾಗೆ ಬರೆಯುತ್ತೇನೆ.

ನಮ್ಮೂರು ಜಮಖಂಡಿ ಹತ್ತಿರದ ಒಂದು ಹಳ್ಳಿ. ಕಾಕಾ ಇಲ್ಲಿ ಪುಣೆಯ ಮಾರ್ಕೆಟ್ ಯಾರ್ಡಿನ ಒಂದು ಧಾನ್ಯದ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ವರ್ಷಕ್ಕೆರಡು ಸಲ, ದೀಪಾವಳಿಗೂ ಜಾತ್ರೆಗೂ, ಊರಿಗೆ ಬರುತ್ತಿದ್ದ. ಅವನು ಬಂದನೆಂದರೆ ನಮಗೆ ಹುಡುಗರಿಗೆ ಎರಡು ಲಾಭ. ಒಂದು, ಪುಣೆಯ ಬಾಕರವಡಿ. ಎರಡು, ಅಣಕಿಸಲು ಒಬ್ಬ ಮನುಷ್ಯ. ಕಾಕಾನ ಎರಡೂ ಕಣ್ಣು ಪಟಪಟ ಬಡಿದುಕೊಳ್ಳುತ್ತಿದ್ದವು. ಅದರ ಬೆನ್ನಿಗೇ ಬಲಭುಜ ಮೇಲಕ್ಕೆ ಹಾರುತ್ತಿತ್ತು. ಆಮೇಲೆ ಗಂಟಲಿನಿಂದ "ಹ್ಞುಂ" ಎಂಬ ಸದ್ದು. ಒಂದು ತಾಸು ಏನೂ ಇಲ್ಲದೆ ಸುಮ್ಮನೆ ಇರುತ್ತಿದ್ದ. ಮತ್ತೆ ಹತ್ತು ನಿಮಿಷದಲ್ಲಿ ಇಪ್ಪತ್ತು ಸಲ.

ಓಣಿಯ ಹುಡುಗರಲ್ಲಿ ಅದನ್ನು ಎಲ್ಲರಿಗಿಂತ ಚೆನ್ನಾಗಿ ಮಾಡಿ ತೋರಿಸುತ್ತಿದ್ದವನು ನಾನು. ನನಗೆ ಆಗ ಎಂಟು ವರ್ಷ. ಒಂದು ಸಂಜೆ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ನಿಂತು ನನ್ನ ಆಟ ನಡೆಸಿದ್ದೆ. ನಗುತ್ತಿದ್ದ ಹುಡುಗರು ಒಮ್ಮೆಲೇ ಸುಮ್ಮನಾದರು. ತಿರುಗಿ ನೋಡಿದರೆ ಹಿಂದೆ ಕಾಕಾ. ಹೊಡೆಯುತ್ತಾನೆ ಅಂದುಕೊಂಡೆ. ಅವನು ಹತ್ತಿರ ಬಂದು ಹೇಳಿದ: "ತಪ್ಪು ಮಾಡಾಕತ್ತಿ ತಮ್ಮಾ. ಮೊದಲ ಕಣ್ಣು, ಆಮ್ಯಾಲೆ ಭುಜ. ನೀ ಭುಜ ಮೊದಲ ಹಾರಸಿದಿ." ಹುಡುಗರೆಲ್ಲ ಮತ್ತೆ ನಕ್ಕರು. ಅವನೂ ನಕ್ಕ. ಆ ದಿನ ಎರಡು ಏಟು ಕೊಟ್ಟಿದ್ದರೆ ನಾನು ಯಾವಾಗಲೋ ಮರೆತುಬಿಡುತ್ತಿದ್ದೆ.

ನಮ್ಮ ಕಡೆ ಇದಕ್ಕೆ ಇರುವ ಹೆಸರು 'ಚಟ'. ಬೀಡಿ ಸೇದುವುದೂ ಚಟ, ಇಸ್ಪೀಟಾಡುವುದೂ ಚಟ, ಕಣ್ಣು ಬಡಿಯುವುದೂ ಚಟ. ಆ ಶಬ್ದದೊಳಗೇ ಒಂದು ತೀರ್ಪು ಕೂತಿದೆ: ಮನಸ್ಸು ಮಾಡಿದರೆ ಬಿಡಬಹುದು, ನೀನೇ ಬಿಡುತ್ತಿಲ್ಲ. ಕಾಕಾಗೆ ಇದು ಶುರುವಾದದ್ದು ಏಳನೆಯ ವರ್ಷದಲ್ಲಿ. ಶಾಲೆಯಲ್ಲಿ ಒಬ್ಬ ಮಾಸ್ತರರು "ನಿನ್ನ ಚಟಾ ಬಿಡಸ್ತೀನಿ" ಎಂದು ಭುಜ ಹಾರಿದಾಗಲೆಲ್ಲ ರೂಲುಪಟ್ಟಿಯಿಂದ ಅದೇ ಭುಜಕ್ಕೆ ಹೊಡೆದರಂತೆ. ಕಾಕಾ ಆ ಪೀರಿಯಡ್ ಪೂರ್ತಿ ತಡೆದು ಕುಳಿತ. ಗಂಟೆ ಬಾರಿಸಿದ ಕೂಡಲೇ ಶಾಲೆಯ ಹಿಂದಿನ ಜಾಲಿಗಿಡದ ಮರೆಗೆ ಓಡಿ ಅಷ್ಟನ್ನೂ ಒಮ್ಮೆಲೇ ಹೊರಗೆ ಹಾಕಿದ. ಮಾಸ್ತರರು ತಮ್ಮ ಮದ್ದು ನಾಟಿತೆಂದು ಊರ ತುಂಬ ಹೇಳಿಕೊಂಡರು. ನಮ್ಮ ಅಜ್ಜಿ ತಾಯತ ಕಟ್ಟಿಸಿದಳು, ಬಾದಾಮಿಯ ಬನಶಂಕರಿಗೆ ಹರಕೆ ಹೊತ್ತಳು. ಹದಿನೇಳು–ಹದಿನೆಂಟಕ್ಕೆ ಸ್ವಲ್ಪ ಕಡಿಮೆಯಾಯಿತು. ಹರಕೆಯಿಂದ ಎಂದು ಅಜ್ಜಿ ನಂಬಿದಳು. ಪೂರ್ತಿ ಹೋಗಲಿಲ್ಲ.

ಹತ್ತನೆಯವರೆಗೆ ಕನ್ನಡ ಮಾಧ್ಯಮ, ಆಮೇಲೆ ಊರ ಕಡೆಯೇ ಪಿಯುಸಿ ಮುಗಿಸಿ, ಎರಡು ವರ್ಷದ ಹಿಂದೆ ನಾನು ಬಿ.ಕಾಂ. ಓದಲು ಪುಣೆಗೆ ಬಂದು ಬಿಬವೇವಾಡಿಯಲ್ಲಿ ಕಾಕಾನ ಎರಡು ಕೋಣೆಯ ಮನೆಯಲ್ಲಿ ಉಳಿದೆ. ಊರಲ್ಲಿ ವರ್ಷಕ್ಕೆ ಎಂಟು ದಿನ ಕಂಡ ಮನುಷ್ಯನನ್ನು ದಿನಾಲೂ ನೋಡುವುದು ಬೇರೆ. ನನಗೆ ಮೊದಲು ಆಶ್ಚರ್ಯವಾದದ್ದು ಅಂಗಡಿಯಲ್ಲಿ. ಕಿರ್ದಿ ಪುಸ್ತಕ ತೆರೆದು ಕಾಕಾ ಉದ್ದನೆಯ ಬೇರೀಜು ಹಾಕಲು ಶುರು ಮಾಡಿದನೆಂದರೆ ಕಣ್ಣಿಲ್ಲ, ಭುಜವಿಲ್ಲ, ಸದ್ದಿಲ್ಲ. ಪುಟದ ಕೆಳಗೆ ಮೊತ್ತ ಬರೆದು ಗೆರೆ ಎಳೆದ ಮೇಲೆ ಎಲ್ಲ ಒಟ್ಟಿಗೆ ಬರುತ್ತಿದ್ದವು. ಸಂಜೆ ಮನೆಗೆ ಬಂದರಂತೂ ಕೇಳುವುದೇ ಬೇಡ. "ಅಂಗಡ್ಯಾಗ ತಡದದ್ದನ್ನೆಲ್ಲ ತಂದು ಮನ್ಯಾಗ ಸುರೀತಾರ" ಎಂದು ಚಿಗವ್ವ ಹೇಳುವಳು. ಸಿಟ್ಟಿನಿಂದಲ್ಲ. ಮಳೆಗಾಲದಲ್ಲಿ ಛತ್ರಿಯಿಂದ ನೀರು ಸುರಿಯುತ್ತದೆ ಎನ್ನುವ ಹಾಗೆ.

2006ರಲ್ಲಿ ಒಂದು ಸಂಗತಿ ನಡೆದಿತ್ತು. ಬಸ್ಸಿನಲ್ಲಿ ಎದುರು ನಿಂತ ಹೆಣ್ಣುಮಗಳೊಬ್ಬಳು ಕಾಕಾ ತನಗೆ ಕಣ್ಣು ಹೊಡೆದನೆಂದು ತಿಳಿದಳು. ನಾಲ್ಕು ಜನ ಸೇರಿದರು, ಅಂಗಿಯ ಕಾಲರು ಹರಿಯಿತು. ಅವಳದಾದರೂ ಏನು ತಪ್ಪು? ಮರುವಾರವೇ ಕಾಕಾ ಒಬ್ಬ ಡಾಕ್ಟರರ ಹತ್ತಿರ ಹೋದ. ಅವರು ಹ್ಯಾಲೊಪೆರಿಡಾಲ್ ಎಂಬ ಸಣ್ಣ ಗುಳಿಗೆ ಬರೆದುಕೊಟ್ಟರು. ಗುಳಿಗೆ ಕೆಲಸ ಮಾಡಿತು, ಅದನ್ನು ಮೊದಲು ಹೇಳಬೇಕು. ಮೊದಲ ತಿಂಗಳು ತೂಕಡಿಕೆ. ಆಮೇಲೆ ಕಣ್ಣು ಬಡಿಯುವುದು ನಾಲ್ಕಾಣೆಗೆ ಇಳಿಯಿತು. ಕಾಕಾ ಧೈರ್ಯವಾಗಿ ಬಸ್ಸು ಹತ್ತಿದ. ತಪ್ಪಾದದ್ದು ಮುಂದೆ. ಆ ಡಾಕ್ಟರರು ಬೇರೆ ಕಡೆ ಹೋದರು. ಹಳೆಯ ಚೀಟಿ ತೋರಿಸಿದರೆ ಔಷಧದ ಅಂಗಡಿಯವನು ಕೊಡುತ್ತ ಹೋದ. ಇವನು ನುಂಗುತ್ತ ಹೋದ. ಹದಿನೇಳು ವರ್ಷ! ನಡುವೆ ಒಬ್ಬರೂ "ಈಗ ಹೇಗಿದ್ದೀಯಪ್ಪಾ" ಎಂದು ಕೇಳಿ ನೋಡಲಿಲ್ಲ.

ನಾನು ಬಂದ ಹೊಸತರಲ್ಲಿ ಮನೆಯಲ್ಲಿ ಒಂದು ಜಗಳ ಒಳಗೊಳಗೇ ನಡೆದಿತ್ತು. ಕಾಕಾ ಯಾವಾಗಲೂ ಏನೋ ಅಗಿಯುತ್ತಿದ್ದ ಹಾಗೆ ಕಾಣುತ್ತಿತ್ತು. ದವಡೆ ಆಡುತ್ತಿತ್ತು, ತುಟಿ ಚಪ್ಪರಿಸುತ್ತಿತ್ತು, ನಾಲಿಗೆ ಕೆನ್ನೆಯ ಒಳಗಿನಿಂದ ಒತ್ತಿ ಉಬ್ಬಿದ ಹಾಗಾಗುತ್ತಿತ್ತು. ಚಿಗವ್ವನ ಸಂಶಯ ಗುಟ್ಕಾದ ಮೇಲೆ. ಅಂಗಿಯ ಕಿಸೆ ತಡಕಿದಳು. ರಾತ್ರಿ ಮಲಗಿದ ಮೇಲೆ ಬಾಯಿ ಮೂಸಿ ನೋಡಿದಳು. ಏನೂ ಸಿಗಲಿಲ್ಲ. ಸಿಗದಿದ್ದಕ್ಕೆ ಸಂಶಯ ಇನ್ನೂ ಬೆಳೆಯಿತು. ಅಂಗಡಿಯ ಮಾಲಕರೂ ಒಂದು ದಿನ "ಗಿರಾಕಿಗಳ ಮುಂದೆ ಅದನ್ನ ಅಗೀಬೇಡ" ಎಂದರಂತೆ. ಕಾಕಾ ಬಾಯಿ ತೆರೆದು ತೋರಿಸಿ ಬಂದ. ಐವತ್ತು ವರ್ಷದ ಮನುಷ್ಯ, ಮೂವತ್ತು ವರ್ಷದಲ್ಲಿ ಒಂದು ರೂಪಾಯಿ ಲೆಕ್ಕ ತಪ್ಪದವನು, ಚಿಕ್ಕ ಹುಡುಗನ ಹಾಗೆ ಬಾಯಿ ತೆರೆದು ತೋರಿಸಿ ಬಂದ.

ಇದರ ಜೊತೆಗೆ ಕುತ್ತಿಗೆ ಎಡಕ್ಕೆ ಎಳೆದು ಅಲ್ಲೇ ನಿಲ್ಲತೊಡಗಿತು. ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಊಟದ ನಡುವೆ ಎದ್ದು ನಾಲ್ಕು ಹೆಜ್ಜೆ ಹಾಕಿ ಮತ್ತೆ ಕೂರುತ್ತಿದ್ದ. ಎಲ್ಲರದೂ ಒಂದೇ ಮಾತು: ಹಳೇ ಚಟ ಹೆಚ್ಚಾಯಿತು. ಕಾಕಾನೂ ಅದನ್ನೇ ನಂಬಿದ. ಒಮ್ಮೆ ಬೇಸತ್ತು ಎಂಟು ದಿನ ಗುಳಿಗೆ ಬಿಟ್ಟ. ಬಾಯಿಯ ಆಟ ಇನ್ನೂ ಜೋರಾಯಿತು. ಮತ್ತೆ ನುಂಗಿದ, ಕಡಿಮೆಯಾಯಿತು. "ನೋಡು, ಗುಳಿಗಿನ ಬೇಕು ಇದಕ್ಕ" ಎಂದು ತೀರ್ಮಾನಿಸಿ, ತಾನೇ ಅರ್ಧ ಗುಳಿಗೆ ಹೆಚ್ಚು ಮಾಡಿಕೊಂಡ. ಲೆಕ್ಕದ ಮನುಷ್ಯನಿಗೂ ಇದು ಸರಿಯಾದ ಲೆಕ್ಕವಾಗಿಯೇ ಕಂಡಿತು. ಆ ಲೆಕ್ಕ ಎಷ್ಟು ಮೋಸದ್ದೆಂಬುದು ಗೊತ್ತಾದದ್ದು ಕಳೆದ ವರ್ಷ ಜೂನಿನಲ್ಲಿ.

ಆ ಜೂನಿನಲ್ಲಿ ಇಲ್ಲಿಯ ಒಂದು ದೊಡ್ಡ ಆಸ್ಪತ್ರೆಯ ನರರೋಗ ವಿಭಾಗಕ್ಕೆ ಹೋದೆವು. ಫೈಲು ಹಿಡಿಯುವ ಕೆಲಸ ನನ್ನದು. ಬೆಳಿಗ್ಗೆ ಏಳಕ್ಕೆ ಚೀಟಿ ಮಾಡಿಸಿದರೆ ಒಳಗೆ ಕರೆದದ್ದು ಹನ್ನೆರಡೂವರೆಗೆ. ಡಾಕ್ಟರು ಒಬ್ಬ ತರುಣಿ, ಮರಾಠಿಯವರು. ಅವರ ಎದುರು ಕೂತ ಕೂಡಲೇ ಕಾಕಾನ ಕಣ್ಣು, ಭುಜ, ಸದ್ದು ಎಲ್ಲ ನಿಂತುಬಿಟ್ಟವು. ದೊಡ್ಡವರ ಮುಂದೆ ತಡೆದು ಕೂರುವ ನಲವತ್ತೈದು ವರ್ಷದ ರೂಢಿ. ಆದರೆ ದವಡೆ ಮಾತ್ರ ಆಡುತ್ತಲೇ ಇತ್ತು. ನಾನು ಇದನ್ನು ಗಮನಿಸಲಿಲ್ಲ. ಡಾಕ್ಟರು ಗಮನಿಸಿದರು. ಮನೆಯಲ್ಲಿ ತೆಗೆದ ವಿಡಿಯೋ ಇದೆಯೇ ಎಂದು ಕೇಳಿದರು. ಇತ್ತು. ಹಿಂದಿನ ದಿನ ಕಾಕಾನನ್ನು ಕೇಳಿಯೇ ನನ್ನ ಫೋನಿನಲ್ಲಿ ತೆಗೆದುಕೊಂಡಿದ್ದೆ. ತೆಗೆಯುವಾಗ ಹನುಮಪ್ಪನ ಗುಡಿಯ ಕಟ್ಟೆ ನೆನಪಾಗಿ ಕೈ ನಡುಗಿತ್ತು.

ಆಮೇಲೆ ಅವರು ಒಂದು ಪ್ರಶ್ನೆ ಕೇಳಿದರು. ಈ ಲೇಖನವನ್ನೆಲ್ಲ ನಾನು ಬರೆಯುತ್ತಿರುವುದು ಆ ಒಂದು ಪ್ರಶ್ನೆಗಾಗಿ. "ಭುಜ ಹಾರುವ ಮೊದಲು ನಿಮಗೆ ಒಳಗೆ ಏನಾದರೂ ಅನ್ನಿಸುತ್ತದೆಯೇ?"

ಕಾಕಾ ಎಷ್ಟೋ ಹೊತ್ತು ಮಾತಾಡಲಿಲ್ಲ. ನಂತರ ಕನ್ನಡದಲ್ಲಿಯೇ, ನನ್ನ ಕಡೆ ತಿರುಗಿ ಹೇಳಿದ. ಇಪ್ಪತ್ತೈದು ವರ್ಷ ಮರಾಠಿಯಲ್ಲಿ ವ್ಯವಹಾರ ಮಾಡಿದವನಿಗೆ ಆ ಮಾತಿಗೆ ಮರಾಠಿ ಸಿಗಲಿಲ್ಲ. "ಸೀನು ಬರೂಕಿಂತ ಮೊದಲ ಮೂಗಿನ್ಯಾಗ ಆಗ್ತದಲ್ಲ, ಹಂಗ ಭುಜದಾಗ ಆಗ್ತದ. ಹಾರಿಸಿದ ಮ್ಯಾಲೆ ಒಂದ್ ಗಳಿಗಿ ಹಗುರ. ಮತ್ತ ಬರ್ತದ." ನಾನು ಮರಾಠಿಯಲ್ಲಿ ಹೇಳಿದೆ. ತಡೆಯಲು ಬರುತ್ತದೆಯೇ ಎಂದರು. "ಬರ್ತದ. ಆದ್ರ ಬಡ್ಡಿ ಕಟ್ಟಬೇಕು" ಅಂದ. ಡಾಕ್ಟರು ನಕ್ಕು ಅದನ್ನು ಕಾಗದದ ಮೇಲೆ ಬರೆದುಕೊಂಡರು.

"ಬಾಯಿ? ಅದಕ್ಕೂ ಮೊದಲು ಹಾಗೆಯೇ ಅನ್ನಿಸುತ್ತದೆಯೇ?"

"ಇಲ್ರಿ. ಬಾಯಿ ಆಡೂದು ನನಗ ಗೊತ್ತ ಆಗಂಗಿಲ್ಲ. ಮನ್ಯಾಗ ಹೇಳಿದ ಮ್ಯಾಲೆ ಕನ್ನಡಿ ನೋಡಿದೆ."

ಕುತ್ತಿಗೆಗೆ ಮೂರನೆಯ ಉತ್ತರ ಬಂತು. ಅದು ಎಳೆದು ಹಿಡಿದುಬಿಡುತ್ತದೆ, ನೋಯುತ್ತದೆ, ಹಾರಿಸಿದರೂ ಹಗುರವಾಗುವುದಿಲ್ಲ. ಗದ್ದಕ್ಕೆ ಎರಡು ಬೆರಳು ಮುಟ್ಟಿಸಿದರೆ ಮಾತ್ರ ಸಡಿಲುತ್ತದೆ. ಕಾಲಿನದು ಇನ್ನೊಂದು: ಕಾಲು ತಾನಾಗಿ ಅಲುಗುವುದಿಲ್ಲ, ಒಳಗೆ ಏನೋ ಎಬ್ಬಿಸುತ್ತದೆ, ನಡೆದಾಡಿದರೆ ಸಮಾಧಾನ.

ಅವರು ಕಾಕಾನನ್ನು ನಡೆಸಿದರು, ಕೈ ಚಾಚಿಸಿದರು, ಬರೆಸಿದರು. ಹೆಬ್ಬೆರಳಿಗೆ ಉಳಿದ ಬೆರಳುಗಳನ್ನು ಒಂದೊಂದಾಗಿ ತಟ್ಟಿಸಿದರು. ಬೆರಳು ತಟ್ಟುವಾಗ ದವಡೆಯ ಆಟ ಹೆಚ್ಚಾಯಿತು. ಬಾಯಿ ತೆರೆದು ನಾಲಿಗೆಯನ್ನು ಒಳಗೇ ಸುಮ್ಮನಿಡಿ ಎಂದರೆ ನಾಲಿಗೆ ನೀರಿನ ಮೀನಿನಂತೆ ಹೊರಳುತ್ತಿತ್ತು. ಆಮೇಲೆ ಹದಿನೇಳು ವರ್ಷದ ಹಳೆಯ ಆ ಚೀಟಿಯನ್ನು ಬೆಳಕಿಗೆ ಹಿಡಿದು ಓದಿದರು. ಕೊನೆಗೆ ಹೇಳಿದರು: ಇದು ಒಂದು ರೋಗ ಹೆಚ್ಚಾದದ್ದಲ್ಲ. ಒಂದೇ ಮುಖದ ಮೇಲೆ ಬೇರೆ ಬೇರೆ ಅಲುಗಾಟಗಳು ಬಂದು ಕೂತಿವೆ.

ನಮ್ಮ ಅಕೌಂಟೆನ್ಸಿಯಲ್ಲಿ ಒಂದು ಪಾಠವಿದೆ. ತಾಳೆಪಟ್ಟಿಯ ಎರಡು ಕಡೆ ಕೂಡದೆ ಹೋದರೆ ಆ ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆ ಎಂಬ ಒಂದು ತಾತ್ಕಾಲಿಕ ಖಾತೆಗೆ ಹಾಕುತ್ತೇವೆ. ಮುಂದೆ ಒಂದೊಂದೇ ತಪ್ಪು ಹುಡುಕಿ, ಅದರದರ ಖಾತೆಗೆ ತಿರುಗಿಸಿ, ಸಸ್ಪೆನ್ಸ್ ಖಾತೆಯನ್ನು ಮುಚ್ಚಬೇಕು. ಮುಚ್ಚದೆ ವರ್ಷಗಟ್ಟಲೆ ಬಿಟ್ಟರೆ ಅದೇ ಒಂದು ಖಾತೆಯಂತೆ ಕಾಣತೊಡಗುತ್ತದೆ. ನಮ್ಮ ಮನೆಯಲ್ಲಿ ಆ ಸಸ್ಪೆನ್ಸ್ ಖಾತೆಯ ಹೆಸರು 'ಚಟ'. ಆ ತರುಣಿ ಡಾಕ್ಟರು ಒಂದು ತಾಸಿನಲ್ಲಿ ಅದನ್ನು ಮೂರು ಖಾತೆಗಳಿಗೆ ಒಡೆದರು.

ಮೊದಲನೆಯದು ಟಿಕ್. ಕಣ್ಣು, ಭುಜ, ಸದ್ದು. ಇದು ಹುಟ್ಟಾ ಬಂದದ್ದು. ಹಲವು ಬಗೆಯ ಟಿಕ್‌ಗಳ ಜೊತೆ ಒಂದಾದರೂ ಸದ್ದಿನ ಟಿಕ್ ಇದ್ದು, ಹದಿನೆಂಟರೊಳಗೆ ಶುರುವಾಗಿ, ವರ್ಷ ಮೀರಿ ನಡೆದರೆ ಅದಕ್ಕೆ ಟುರೆಟ್ ಸಿಂಡ್ರೋಮ್ ಎನ್ನುತ್ತಾರೆ. 1885ರಲ್ಲಿ ಪ್ಯಾರಿಸ್ಸಿನಲ್ಲಿ ಜಿಲ್ ದ ಲಾ ಟುರೆಟ್ ಎಂಬ ವೈದ್ಯ ಒಂಬತ್ತು ರೋಗಿಗಳ ವಿವರ ಬರೆದ. ಅವನ ಗುರು ಶಾರ್ಕೋ ಶಿಷ್ಯನ ಹೆಸರನ್ನೇ ರೋಗಕ್ಕೆ ಕೊಟ್ಟ. ಮೊದಲು ಒಳಗೆ ಒಂದು ತುಡಿತ, ಸ್ವಲ್ಪ ಹೊತ್ತು ತಡೆಯಬಹುದು, ಮಾಡಿದರೆ ಹಗುರ. ಇದು ಟಿಕ್‌ನ ಗುರುತು. ಹೆಚ್ಚಿನ ಮಕ್ಕಳಲ್ಲಿ ಹರೆಯ ದಾಟುವಾಗ ಇಳಿಯುತ್ತದೆ, ಕೆಲವರಲ್ಲಿ ಉಳಿಯುತ್ತದೆ. ಬಾಯಿಗೆ ಬಂದ ಬೈಗಳು ಬೈಯುವುದೇ ಈ ರೋಗ ಎಂದು ಎಷ್ಟೋ ಜನ ತಿಳಿದಿದ್ದಾರೆ. ಅದು ಕೆಲವೇ ಜನರಲ್ಲಿ ಇರುತ್ತದೆ. ಕಾಕಾನ ಬಾಯಲ್ಲಿ ನಾನು ಬೈಗಳು ಕೇಳಿದ್ದು ಜಿಎಸ್‌ಟಿ ಬಂದ ಮೇಲೆ ಮಾತ್ರ. ನಿಮ್ಮಲ್ಲಿ ಕೆಲವರು 2018ರ 'ಹಿಚಕಿ' ಚಿತ್ರ ನೋಡಿರಬಹುದು. ಅದರಲ್ಲಿ ರಾಣಿ ಮುಖರ್ಜಿ ಮಾಡಿದ ಟೀಚರಿಗೆ ಇರುವುದು ಇದೇ.

ಎರಡನೆಯ ಖಾತೆ ಗುಳಿಗೆಯದು. ಹ್ಯಾಲೊಪೆರಿಡಾಲ್ 1958ರಲ್ಲಿ ಬೆಲ್ಜಿಯಮ್ಮಿನಲ್ಲಿ ತಯಾರಾದದ್ದು. 1961ರಲ್ಲಿ ಅದು ಟಿಕ್‌ಗಳನ್ನು ಇಳಿಸುತ್ತದೆಂದು ಫ್ರಾನ್ಸಿನಿಂದ ವರದಿ ಬಂತು. ಅಲ್ಲಿಯವರೆಗೆ ಇದನ್ನು ಮನಸ್ಸಿನ ದೌರ್ಬಲ್ಯ ಎನ್ನುತ್ತಿದ್ದವರೂ ಮಿದುಳಿನ ಕಡೆ ನೋಡುವಂತಾಯಿತು. ಆ ಮಟ್ಟಿಗೆ ಅದು ಉಪಕಾರಿ. ಮಿದುಳಿನ ಆಳದಲ್ಲಿ ನಮ್ಮ ಚಲನೆಗಳನ್ನು ಆಯುವ ಗಂಟುಗಳಿವೆ. ಅಲ್ಲಿ ಡೋಪಮೀನ್ ಎಂಬ ದ್ರವ್ಯ ಒಂದು ಜೀವಕೋಶದಿಂದ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುತ್ತದೆ. ಈ ಗುಳಿಗೆ ಆ ಸುದ್ದಿ ಸೇರುವ ಬಾಗಿಲು ಮುಚ್ಚುತ್ತದೆ. ವರ್ಷಗಟ್ಟಲೆ ಬಾಗಿಲು ಮುಚ್ಚಿದ್ದರೆ ಒಳಗಿನವರು ಸಣ್ಣ ಸಪ್ಪಳಕ್ಕೂ ಬೆಚ್ಚುವಂತಾಗುತ್ತಾರೆ. ಆಗ ದವಡೆ, ತುಟಿ, ನಾಲಿಗೆ ತಾವಾಗಿಯೇ ಆಡತೊಡಗುತ್ತವೆ. ಇದಕ್ಕೆ ಟಾರ್ಡಿವ್ ಡಿಸ್ಕೈನೀಸಿಯಾ ಎಂದು ಹೆಸರು, ತಡವಾಗಿ ಬರುವ ಅಲುಗಾಟ ಎಂದರ್ಥ. ಗುಳಿಗೆ ಬಿಟ್ಟರೆ ಬಾಗಿಲು ತೆರೆದು ಗದ್ದಲ ಹೆಚ್ಚುತ್ತದೆ. ನುಂಗಿದರೆ ಮತ್ತೆ ಮುಚ್ಚಿ ಕಡಿಮೆಯಾದಂತೆ ಕಾಣುತ್ತದೆ. ಕಾಕಾನ ಎಂಟು ದಿನದ ಪ್ರಯೋಗದಲ್ಲಿ ಆದದ್ದು ಇದೇ. ಯಾವುದು ಸಾಲ ಮಾಡಿಸಿತೋ ಅದರಿಂದಲೇ ಸಾಲ ತೀರಿಸಿದ ಹಾಗೆ. ಕೂತಲ್ಲಿ ಕೂರಗೊಡದ ಕಾಲಿನ ತಳಮಳವೂ ಇದೇ ಖಾತೆಗೆ ಸೇರಿದ್ದು.

ಮೂರನೆಯದು ಕುತ್ತಿಗೆ. ಸ್ನಾಯು ತಿರುಚಿ ಹಿಡಿದುಕೊಳ್ಳುವುದಕ್ಕೆ ಡಿಸ್ಟೋನಿಯಾ ಎನ್ನುತ್ತಾರೆ. ಗದ್ದಕ್ಕೆ ಬೆರಳು ಮುಟ್ಟಿಸಿದರೆ ಸಡಿಲುವುದು ಅದರ ಗುರುತು. ಈ ಖಾತೆಯಲ್ಲಿ ಡಾಕ್ಟರೂ ಖಚಿತವಾಗಿ ಮಾತಾಡಲಿಲ್ಲ. ಗುಳಿಗೆಯಿಂದಲೂ ಬಂದಿರಬಹುದು, ತಾನೇ ಬೇರೆಯಾಗಿ ಬಂದಿರಬಹುದು. ಟಿಕ್‌ಗಳಲ್ಲೇ ನಿಧಾನವಾಗಿ ಎಳೆದು ನಿಲ್ಲುವ ಬಗೆ ಒಂದಿದೆ, ಅದು ನೋಡಲು ಇದರ ಹಾಗೆಯೇ ಇರುತ್ತದೆ. ಟಿಕ್ ಇದ್ದವರಲ್ಲಿ ಕೆಲವರಿಗೆ ದೊಡ್ಡವರಾದ ಮೇಲೆ ಡಿಸ್ಟೋನಿಯಾ ಬಂದದ್ದೂ ಉಂಟು. ಕುತ್ತಿಗೆಯನ್ನು ವರ್ಷಾನುಗಟ್ಟಲೆ ಜೋರಾಗಿ ಝಾಡಿಸುವವರಿಗೆ ಅಲ್ಲಿಯ ನರಹುರಿಗೇ ಪೆಟ್ಟಾಗುವುದುಂಟಂತೆ. ಅದಕ್ಕಾಗಿ ಬೆರಳು ಜೋಮು ಹಿಡಿಯುತ್ತದೆಯೇ ಎಂದು ವಿಚಾರಿಸಿ ಒಂದು ಸ್ಕ್ಯಾನ್ ಮಾಡಿಸಿದರು. ಅಲ್ಲೇನೂ ಇರಲಿಲ್ಲ.

ಇದನ್ನೆಲ್ಲ ಬೇರೆ ಮಾಡಿ ಏನಾಗಬೇಕು, ಅಲುಗಾಟ ಅಲುಗಾಟವೇ ಅಲ್ಲವೇ ಎಂದು ಕೇಳಬಹುದು. ನಾನೂ ಕೇಳಿದೆ. ಉತ್ತರ ಸರಳ. ಒಂದು ಖಾತೆಗೆ ಜಮಾ ಆಗುವುದು ಇನ್ನೊಂದಕ್ಕೆ ಖರ್ಚು. ಟಿಕ್ ಇಳಿಸುವ ಗುಳಿಗೆಯೇ ಬಾಯಿಯ ಆಟ ತಂದಿತು. ಡಿಸ್ಟೋನಿಯಾಕ್ಕೆ ಕೊಡುವ ಕೆಲವು ಗುಳಿಗೆಗಳು ಬಾಯಿಯದನ್ನು ಹೆಚ್ಚಿಸಬಹುದು. ಎಲ್ಲ ಒಂದೇ ಎಂದು ತಿಳಿದು ಮದ್ದು ಕೊಟ್ಟರೆ ಒಂದು ಕಡೆ ಸರಿಹೋದಂತೆ ಕಂಡು ಇನ್ನೊಂದು ಕಡೆ ಸಾಲ ಏರುತ್ತ ಹೋಗುತ್ತದೆ.

ಅವತ್ತು ಮನೆಗೆ ಬಂದಾಗ ರಾತ್ರಿಯಾಗಿತ್ತು, ಮಳೆ ಹಿಡಿದಿತ್ತು. ಚಿಗವ್ವ ರೊಟ್ಟಿ ಬಡಿಯುತ್ತ ಕೂತಿದ್ದಳು. ನಾನು ಎಲ್ಲವನ್ನೂ ಹೇಳಿದೆ. ಕೇಳುತ್ತ ಕೇಳುತ್ತ ಅವಳ ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಸೀಯುವ ವಾಸನೆ ಬಂತು. ಕಾಕಾನಿಗೆ ಹೇಳಿದಳು: "ಬಾಯಿ ಆಡೂದು ನಿಮಗ ಗೊತ್ತ ಆಗೂದಿಲ್ಲಂತ ನನಗ್ಯಾಕ ಹೇಳಲಿಲ್ಲ?"

"ಗೊತ್ತಾಗದ್ದನ್ನ ಹ್ಯಾಂಗ ಹೇಳ್ಲಿ?" ಅಂದ ಕಾಕಾ.

ಮತ್ತೆ ಇಬ್ಬರೂ ಆ ಮಾತು ಎತ್ತಲಿಲ್ಲ. ಸೀದ ರೊಟ್ಟಿಯನ್ನು ಚಿಗವ್ವ ತನ್ನ ತಾಟಿಗೆ ಹಾಕಿಕೊಂಡಳು. ಮರುದಿನದಿಂದ ಅವಳು ಅಂಗಿಯ ಕಿಸೆಗೆ ಕೈ ಹಾಕಿದ್ದನ್ನು ನಾನು ನೋಡಿಲ್ಲ.

ಈಗಿನ ಸ್ಥಿತಿ ಹೀಗಿದೆ. ಹಳೆಯ ಗುಳಿಗೆಯನ್ನು ಡಾಕ್ಟರು ಹೇಳಿದಂತೆ ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಇಳಿಸಿದ್ದಾಯಿತು, ಒಮ್ಮೆಲೇ ಬಿಡುವ ಹಾಗಿಲ್ಲ. ಬಾಯಿಗೆ ಟೆಟ್ರಾಬೆನಜಿನ್ ಎಂಬ ಬೇರೆ ಗುಳಿಗೆ ಬಂದಿದೆ. ಅದು ಕೆಲವರ ಮನಸ್ಸನ್ನು ಕುಗ್ಗಿಸುತ್ತದಂತೆ, ಆದ್ದರಿಂದ ಕಾಕಾ ಸುಮ್ಮನೆ ಕೂತರೆ ಚಿಗವ್ವ ಒಂದು ಕಣ್ಣಿಟ್ಟಿರುತ್ತಾಳೆ. ಕುತ್ತಿಗೆಗೆ ಮೂರು ತಿಂಗಳಿಗೊಮ್ಮೆ ಬೊಟುಲಿನಮ್ ಚುಚ್ಚುಮದ್ದು. ಟಿಕ್‌ಗೆ ಹೆಚ್ಚಿನದು ಮದ್ದಲ್ಲ, ಅಭ್ಯಾಸ. ಭುಜದಲ್ಲಿ ತುಡಿತ ಬಂದ ಕೂಡಲೇ ಮೊಣಕೈಯನ್ನು ಪಕ್ಕೆಗೆ ಒತ್ತಿ, ಭುಜ ಕೆಳಗೆ ಹಿಡಿದು, ತುಡಿತ ಇಳಿಯುವವರೆಗೆ ಉಸಿರಾಡುತ್ತ ಇರಬೇಕು. 1973ರಲ್ಲಿ ಅಮೇರಿಕದಲ್ಲಿ ಪ್ರಕಟವಾದ ಈ ಪದ್ಧತಿ ದೊಡ್ಡವರಿಗೂ ನಾಟುತ್ತದೆ. ಮಾಸ್ತರರ ರೂಲುಪಟ್ಟಿಗೂ ಇದಕ್ಕೂ ಏನು ವ್ಯತ್ಯಾಸ ಎಂದರೆ, ಇಲ್ಲಿ ಮೊದಲು ತುಡಿತವನ್ನು ಒಪ್ಪಿಕೊಳ್ಳುತ್ತಾರೆ. ಬಾಯಿಯ ಆಟ ಅರ್ಧಕ್ಕಿಂತ ಹೆಚ್ಚು ಇಳಿದಿದೆ. ಪೂರ್ತಿ ಹೋಗದೆಯೂ ಇರಬಹುದು ಎಂದು ಡಾಕ್ಟರು ಮುಚ್ಚಿಡದೆ ಹೇಳಿದ್ದಾರೆ. "ವಸೂಲಾಗದ ಬಾಕಿ ಅಂತ ಬರ್ಕೊಳ್ಳೂಣು" ಅಂದ ಕಾಕಾ. ಅವನು ಅಷ್ಟು ಹಗುರವಾಗಿ ಅಂದ ಮಾತು ನನಗೆ ಅಷ್ಟು ಹಗುರವಾಗಿಲ್ಲ. ನಡುವೆ ಯಾರಾದರೂ ಒಬ್ಬರು ಆ ಚೀಟಿ ಕೇಳಿ ನೋಡಿದ್ದರೆ ಈ ಬಾಕಿ ಹುಟ್ಟುತ್ತಲೇ ಇರಲಿಲ್ಲವೇನೋ.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಲೆಕ್ಕದಲ್ಲಿ ಬಿಟ್ಟುಹೋದ ನಮೂದು ಎಂಬ ಒಂದು ತಪ್ಪಿದೆ. ವ್ಯವಹಾರವನ್ನು ಪುಸ್ತಕಕ್ಕೇ ಹಾಕದೆ ಬಿಟ್ಟುಬಿಡುವುದು. ತಾಳೆಪಟ್ಟಿ ಅದನ್ನು ಹಿಡಿಯುವುದಿಲ್ಲ. ಎರಡು ಕಡೆಯೂ ಕೂಡಿದಂತೆ ಕಾಣುತ್ತದೆ. ಮೇಲೆ ಆಸ್ಪತ್ರೆಯ ಸಂಗತಿ ಬರೆಯುವಾಗ ನಾನು ಒಂದು ಮಾತು ಹಾಗೆ ಬಿಟ್ಟಿದ್ದೇನೆ.

ಡಾಕ್ಟರು ಕೊನೆಯಲ್ಲಿ ಕೇಳಿದರು: "ಮನೆತನದಲ್ಲಿ ಮತ್ತೆ ಯಾರಿಗಾದರೂ ಈ ಥರದ್ದು ಇದೆಯೇ?"

"ಇಲ್ರಿ. ಯಾರಿಗೂ ಇಲ್ಲ" ಅಂದ ಕಾಕಾ. ಪ್ರಶ್ನೆ ಮುಗಿಯುವ ಮುಂಚೆಯೇ ಅಂದ. ನನ್ನ ಕಡೆ ನೋಡಲಿಲ್ಲ.

ಆ ಕೋಣೆಯಲ್ಲಿ ಫ್ಯಾನು ತಿರುಗುವ ಸದ್ದು ಇವತ್ತೂ ನನಗೆ ನೆನಪಿದೆ. ಬಹಳ ಹೊತ್ತಿನಿಂದ ನಾನೂ ತಡೆದು ಕುಳಿತಿದ್ದೆ. ಮೂಗಿನ ಬುಡದಲ್ಲಿ ಸೀನಿನಂಥ ತುಡಿತ ಏರುತ್ತ ಏರುತ್ತ ಇತ್ತು. ಕಾಕಾನ ಮಾತನ್ನು ನಾನು ಮರಾಠಿಗೆ ಅಷ್ಟು ಬೇಗ ತಿರುಗಿಸಿದ್ದು ಭಾಷೆ ಬರುತ್ತದೆಂದಲ್ಲ, ಅದು ನನ್ನದೇ ಮಾತಾಗಿತ್ತೆಂದು. ನಾನು ಮೂಗು ಸೆಳೆದೆ, ಒಂದು, ಎರಡು, ಮೂರು ಸಲ. ಗಂಟಲಲ್ಲಿ ಆ ಸದ್ದು ಮಾಡಿದೆ. ಆಮೇಲೆ ಹೇಳಿದೆ: "ನನಗ ಅದರಿ."

ಒಂಬತ್ತನೆಯ ವರ್ಷದಿಂದ ಇದೆ. ಮನೆಯಲ್ಲಿ ನೆಗಡಿ ಎಂದರು, ಧೂಳು ಆಗುವುದಿಲ್ಲ ಎಂದರು. ನಾನೂ ಹಾಗೆಯೇ ಹೇಳಿಕೊಂಡು ಬಂದೆ. ಇದು ಅನೇಕ ಮನೆತನಗಳಲ್ಲಿ ಇಳಿದು ಬರುತ್ತದಂತೆ. ಅಣಕಿಸಿದ್ದರಿಂದ ಬಂದದ್ದಲ್ಲ ಎಂದು ಡಾಕ್ಟರು ನಾನು ಕೇಳಿದ್ದಕ್ಕೆ ಸ್ಪಷ್ಟವಾಗಿಯೇ ಹೇಳಿದರು. ಆದರೂ ಓಣಿಯ ಹುಡುಗರಲ್ಲಿ ನನಗೊಬ್ಬನಿಗೇ ಅದು ಅಷ್ಟು ಚೆನ್ನಾಗಿ ಯಾಕೆ ಬರುತ್ತಿತ್ತು ಎಂದು ಈಗ ಅನ್ನಿಸುತ್ತದೆ. ಹೊರಗೆ ಬರುವಾಗ ಕಾಕಾನನ್ನು ಕೇಳಿದೆ, "ನಿನಗ ಗೊತ್ತಿತ್ತ?"

"ನೀ ಎಂಟು ವರ್ಷದಾಂವ ಇದ್ದಾಗನ ಗೊತ್ತಿತ್ತು" ಅಂದ. "ಅವತ್ತ ಗುಡಿ ಮುಂದ ನೀ ಭುಜ ಹಾರಸೂಕಿಂತ ಮೊದಲ ಮೂಗು ಸೆಳದಿ. ಅದು ನಂದಲ್ಲ, ನಿಂದು. ಅದಕ್ಕ ನಾ ನಕ್ಕಬಿಟ್ಟೆ. ಬೈದ್ರ ನಿನಗೂ ಬೈದಂಗ ಆಗ್ತಿತ್ತು."

ಶನಿವಾರದ ನಮ್ಮ ಕಾವ್ಯವಾಚನದ ಸಭೆಯಲ್ಲಿ ನಾನು ಯಾವಾಗಲೂ ಬಾಗಿಲ ಹತ್ತಿರದ ಕುರ್ಚಿಯಲ್ಲೇ ಕೂರುವುದನ್ನು, ಒಳ್ಳೆಯ ಕವಿತೆಯ ನಡುವೆಯೇ ಎದ್ದು ಹೋಗುವುದನ್ನು ನೀವು ನೋಡಿದ್ದೀರಿ. ಇವನಿಗೆ ಕವಿತೆ ರುಚಿಸುವುದಿಲ್ಲ ಎಂದು ಒಂದಿಬ್ಬರು ಬೇಜಾರು ಮಾಡಿಕೊಂಡದ್ದೂ ನನಗೆ ಗೊತ್ತು. ವರಾಂಡದ ತುದಿಯಲ್ಲಿ ನೀರಿನ ಟಾಕಿಯ ಹಿಂದೆ ನನ್ನ ಜಾಲಿಗಿಡ ಇದೆ. ಮುಂದಿನ ಶನಿವಾರ ನಾನು ಎರಡನೆಯ ಸಾಲಿನಲ್ಲಿ ಕೂರಬೇಕೆಂದಿದ್ದೇನೆ. ಸದ್ದಾದರೆ ಕವಿಗಳು ಓದುವುದನ್ನು ನಿಲ್ಲಿಸಬಾರದು. ಯಾರಿಗಾದರೂ ಏನಾದರೂ ಕೇಳಬೇಕೆನಿಸಿದರೆ ಸಭೆ ಮುಗಿದ ಮೇಲೆ ಚಹಾ ಕುಡಿಯುವಾಗ ಕೇಳಿ. ಇದ್ದ ಹಾಗೆ ಹೇಳುತ್ತೇನೆ.